ಅಂಚಿಗೆ ಕಟ್ಟಿದ ನೂಲು

ಹುಡುಗರೆಲ್ಲ ಆನೆ ನೋಡುವ ಆಸೆಯಿಂದ ಬಂದಿದ್ದರು. ಬೇಸಿಗೆ ರಜೆಯಲ್ಲಿ ಮೂರು ವಾರದ ವನ್ಯಜೀವಿ ಶಿಬಿರ ಎಂದು ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಹೆಸರು ಕೊಟ್ಟಿದ್ದ ಹದಿನಾಲ್ಕು ಮಂದಿಯನ್ನು ಹರಿಹರನ್ ಒಂದು ವಾರ ಮಾತ್ರ ಆನೆಮಲೆಯಲ್ಲಿ ಸುತ್ತಾಡಿಸಿದ. ಆಮೇಲೆ ಕಾಂಗೇಯಂ ಆಚೆಯ ಒಣ ಹುಲ್ಲುಗಾವಲಿಗೆ ತಂದು ಇಳಿಸಿದ. ಮೇ ತಿಂಗಳ ಬಿಸಿಲು. ಕಣ್ಣು ಹಾಯಿಸಿದಷ್ಟು ದೂರವೂ ಬೂದುಬಣ್ಣದ ಹುಲ್ಲು, ಅಲ್ಲೊಂದು ಇಲ್ಲೊಂದು ಬಿಳಿಜಾಲಿ ಮರ.

"ಸರ್, ಇಲ್ಲಿ ವೈಲ್ಡ್‌ಲೈಫ್ ಎಲ್ಲಿದೆ?" ಎಂದು ಒಬ್ಬ ಹುಡುಗ ಕೇಳಿದ.

"ಮೊದಲು ನಿನ್ನ ಶೂ ಕೆಳಗೆ ನೋಡಪ್ಪ" ಎಂದ ಹರಿಹರನ್.

ಹರಿಹರನ್ ಈಗ ದೊಡ್ಡ ಪ್ರೊಫೆಸರ್. ಸೋಮನೂರಿನ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ಅವನು ಮುಂದಿನ ಬೆಂಚಿನ ಹುಡುಗ. "ಹೆಣ್ಣುಮಕ್ಕಳ ಜೊತೆ ಹಿರಿಯರೊಬ್ಬರು ಇರಬೇಕು, ನೀವೇ ಬನ್ನಿ ಮೇಡಂ" ಎಂದು ಮನೆಗೆ ಬಂದು ಕರೆದ. ನನಗೆ ಎಪ್ಪತ್ತೊಂದು ವರ್ಷ. ನಮ್ಮ ನೇಕಾರರ ಬೀದಿಯಲ್ಲಿ ಕೊಯಮತ್ತೂರಿಗೆ ಹೋಗಿ ಪ್ರಾಣಿಶಾಸ್ತ್ರ ಓದಿದ ಮೊದಲ ಹುಡುಗಿ ನಾನು. ಆದರೆ ಆಗ ನಾನು ಕಂಡ ಪ್ರಾಣಿಗಳೆಲ್ಲ ಗಾಜಿನ ಬಾಟಲಿಯೊಳಗಿನವು. ಈ ವಯಸ್ಸಿನಲ್ಲಾದರೂ ಜೀವ ಇರುವುದನ್ನು ನೋಡೋಣ ಎಂದು ಒಪ್ಪಿಕೊಂಡೆ.

ಮುಚ್ಚಿಹೋದ ಒಂದು ಹತ್ತಿ ಮಿಲ್ಲಿನ ಕೆಲಸಗಾರರ ಮನೆಗಳಲ್ಲಿ ನಮ್ಮ ವಾಸ. ನನ್ನ ಕೋಣೆಯಲ್ಲಿ ಕೃತ್ತಿಕಾ ಎಂಬ ಹುಡುಗಿ ಇದ್ದಳು. ಅವಳೂ ಸೋಮನೂರಿನವಳು, ಅವಳಪ್ಪನಿಗೆ ಆರು ವಿದ್ಯುತ್ ಮಗ್ಗಗಳ ಶೆಡ್. ಉಳಿದವರು ತಮಿಳಿನಲ್ಲಿ ನನ್ನನ್ನು ಪಾಟಿ ಎನ್ನುತ್ತಿದ್ದರು, ಅವಳು ನಮ್ಮಿಬ್ಬರ ಮನೆಯ ಮಾತಾದ ಕನ್ನಡದಲ್ಲಿ ಅಜ್ಜಿ ಎನ್ನುತ್ತಿದ್ದಳು. ಮೊದಲ ರಾತ್ರಿಯೇ ನನ್ನ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಎಳೆದು, ತಾನು ಸೆಕೆಯ ಮೂಲೆಯಲ್ಲಿ ಮಲಗಿದಳು. ಶಿಬಿರ ಚೆನ್ನಾಗಿ ಮುಗಿದರೆ ಹರಿಹರನ್ ಅವಳನ್ನು ತನ್ನ ಸಂಶೋಧನೆಯಲ್ಲಿ ಸಹಾಯಕಿಯಾಗಿ ತೆಗೆದುಕೊಳ್ಳುತ್ತೇನೆ ಎಂದಿದ್ದ. ಇಲ್ಲದಿದ್ದರೆ ಆಷಾಢ ಬರುವುದರೊಳಗೆ ಮದುವೆ ಎಂದು ಅವಳಪ್ಪ ಹೇಳಿಬಿಟ್ಟಿದ್ದರು.

ಆ ಹುಲ್ಲುಗಾವಲು ರಾಮಸಾಮಿ ಎಂಬವರದು. ಇಂಥ ಜಾಗಕ್ಕೆ ಅಲ್ಲಿ ಕೊರಂಗಾಡು ಎನ್ನುತ್ತಾರೆ. ಸುತ್ತಲೂ ಮುಳ್ಳಿನ ಜೀವಂತ ಬೇಲಿ, ಒಳಗೆ ಉಳದೆ ಬಿತ್ತದೆ ಮೇವಿಗೆಂದೇ ಬಿಟ್ಟ ನೆಲ. ಅದರಲ್ಲಿ ಸೆಲ್ಲಪ್ಪನ್ ಎಂಬವರು ತಮ್ಮ ನಲವತ್ತು ಕುರಿಗಳನ್ನು ಮೇಯಿಸುತ್ತಿದ್ದರು. ಅವರ ತಂದೆಯೂ ರಾಮಸಾಮಿಯವರ ತಂದೆಯ ಕಾಲದಲ್ಲಿ ಅಲ್ಲೇ ಮೇಯಿಸಿದವರು.

ಮೊದಲ ದಿನ ಬೆಳಿಗ್ಗೆ ನಾನೂ ಕೃತ್ತಿಕಾಳೂ ಮಾತಾಡುವುದನ್ನು ಕೇಳಿ, ಅವರು ಕೋಲು ಊರಿಕೊಂಡು ನಿಂತರು.

"ನಮ್ಮ ಮಾತಾಡ್ತೀರಲ್ಲಕ್ಕಾ! ಯಾವ ಊರುಂಗ?"

"ಸೋಮನೂರು. ನಿಮ್ಮ ಮನೇಲೂ ಕನ್ನಡವಾ?"

"ಮನೇಲಿ ಕನ್ನಡ, ಹೊರಗೆ ತಮಿಳು. ಕುರಿ ಹತ್ರ ಎರಡೂ. ಬೈಯೋಕೆ ತಮಿಳೇ ವಾಸಿ" ಎಂದು ನಕ್ಕರು.

ಆ ನೆಲದಲ್ಲಿ ಹಳದಿ ಟಿಟ್ಟಿಭ ಹಕ್ಕಿಗಳು ಬೇಸಿಗೆಯಲ್ಲಿ ಮೊಟ್ಟೆ ಇಡುತ್ತವೆ. ಗೂಡೆಂದರೆ ನೆಲದಲ್ಲೊಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲುಹರಳು, ಮಧ್ಯೆ ಮಣ್ಣಿನದೇ ಬಣ್ಣದ ಮೊಟ್ಟೆಗಳು. ನಮ್ಮ ಹುಡುಗರು ಎರಡು ದಿನ ಬೈನಾಕ್ಯುಲರ್ ಹಿಡಿದು ಹುಡುಕಿದರೂ ಒಂದೂ ಸಿಗಲಿಲ್ಲ. ಮೂರನೆಯ ದಿನ ಸೆಲ್ಲಪ್ಪನ್ ಕೃತ್ತಿಕಾಳನ್ನು ಕರೆದು, "ಬಾ ಅಮ್ಮಿಣಿ, ನಾನು ಕಾಲಿಟ್ಟ ಕಡೆ ಮಾತ್ರ ಕಾಲಿಡು" ಎಂದು ಮುಂದೆ ನಡೆದು, ಒಂದೇ ಬೆಳಿಗ್ಗೆ ಹನ್ನೊಂದು ಗೂಡು ತೋರಿಸಿದರು. ಅವಳ ಅಂಗಾಲಿಗೆ ಚುಚ್ಚಿದ ಜಾಲಿಮುಳ್ಳನ್ನೂ ಅವರೇ ತೆಗೆದರು.

ಗೂಡುಗಳು ಕೃತ್ತಿಕಾಳ ಅಧ್ಯಯನದ ವಿಷಯವಾದವು. ಆದರೆ ಮಾರನೆಯ ದಿನ ಹೋದರೆ ಎಲ್ಲಿವೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಒಬ್ಬ ಹುಡುಗ ಇನ್ನೇನು ತುಳಿದೇಬಿಡುತ್ತಿದ್ದ. ಸಂಜೆ ಅವಳು ಅಳುಮುಖ ಮಾಡಿಕೊಂಡು ಕೂತಿದ್ದಾಗ ಉಪಾಯ ಹೇಳಿದವಳು ನಾನು.

"ನಮ್ಮ ಮಗ್ಗದಲ್ಲಿ ಏನ್ ಮಾಡ್ತಾರೆ? ಬಟ್ಟೇಲಿ ಎಲ್ಲಾದ್ರೂ ಎಳೆ ಹರಿದಿದ್ರೆ ಅದೇ ನೇರಕ್ಕೆ ಅಂಚಿಗೆ ಒಂದು ಬಣ್ಣದ ನೂಲು ಕಟ್ತಾರೆ. ಬಟ್ಟೆ ನೋಡಿ ಮಡಿಸೋರ ಕಣ್ಣು ಸೀದಾ ಅಲ್ಲಿಗೇ ಬೀಳ್ತದೆ."

ಅವಳ ಮುಖ ಅರಳಿತು. "ಅಯ್ಯೋ, ಅಪ್ಪಾನೂ ದಿನಾ ಅದೇ ಮಾಡೋದು! ನಂಗ್ಯಾಕೆ ತೋಚ್ಲಿಲ್ಲ ಅಜ್ಜಿ?"

ನನ್ನ ಚೀಲದಲ್ಲಿ ತಮ್ಮನ ಶೆಡ್ಡಿನಿಂದ ತಂದ ಸೀರೆಯಂಚಿನ ತುಂಡುಗಳಿದ್ದವು, ಕೆಂಪು, ಹಳದಿ. ನೇಕಾರರ ಮನೆಯವರು ಯಾರೂ ಅಂಥದ್ದನ್ನು ಎಸೆಯುವುದಿಲ್ಲ. ಇಬ್ಬರೂ ಕೂತು ಪಟ್ಟಿ ಸೀಳಿದೆವು. ಒಂದೊಂದು ಗೂಡಿನಿಂದ ಒಂದು ಹೆಜ್ಜೆ ದೂರದ ಮುಳ್ಳುಗಿಡಕ್ಕೆ ಅವಳು ಒಂದೊಂದು ಪಟ್ಟಿ ಕಟ್ಟಿದಳು. ಒಂಬತ್ತು ಗೂಡಿಗೆ ಬಟ್ಟೆ ಸಾಕಾಯಿತು, ದೂರದ ಎರಡಕ್ಕೆ ಬರಲಿಲ್ಲ. "ಪ್ಲಾಸ್ಟಿಕ್ ಟೇಪಿಗಿಂತ ಎಷ್ಟೋ ಮೇಲು" ಎಂದು ಹರಿಹರನ್ ಎಲ್ಲರೆದುರು ಹೊಗಳಿದ. ನನಗೆ ಮತ್ತೆ ತರಗತಿಯಲ್ಲಿ ನಿಂತಷ್ಟು ಸಂತೋಷವಾಯಿತು.

ಐದು ದಿನದಲ್ಲಿ ಏಳು ಗೂಡು ಖಾಲಿಯಾದವು.

ಖಾಲಿ ಗೂಡುಗಳ ಸುತ್ತ ಕುರಿಯ ಗೊರಸಿನ ಗುರುತುಗಳಿದ್ದವು. ಹರಿಹರನ್ ಅವನ್ನು ಅಳೆದ, ಫೋಟೊ ತೆಗೆದ, ಸೆಲ್ಲಪ್ಪನ್ ಅವರನ್ನು ಕರೆದು ಕೇಳಿದ.

"ಕುರಿ ಮೊಟ್ಟೆ ಮೇಲೆ ಕಾಲಿಡಲ್ಲಂಗ ಸಾರ್" ಎಂದರು ಅವರು. "ಹಕ್ಕಿ ರೆಕ್ಕೆ ಬಿಚ್ಚಿ ಎದುರು ನಿಂತ್ರೆ ಸುತ್ತಿಹಾಕಿ ಹೋಗ್ತಾವೆ. ನಮ್ಮಪ್ಪನ ಕಾಲದಿಂದ ನೋಡ್ತಾ ಇದೀನಿ."

ಹರಿಹರನ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ನಂಬಲಿಲ್ಲ. ಅಂದು ಭಾನುವಾರ. ಹಕ್ಕಿಗಳು ಮರಿ ಮಾಡುವವರೆಗೆ ಕುರಿ ಬಿಡಬೇಡಿ ಎಂದು ರಾಮಸಾಮಿಯವರಿಗೆ ಫೋನ್ ಮಾಡಿದ. ಪ್ರೊಫೆಸರ್ ಹೇಳಿದ ಮಾತು. ಅವರು ಸಂಜೆಯೇ ಬೇಲಿಯ ಬಾಗಿಲಿಗೆ ಬೀಗ ಹಾಕಿಸಿದರು. ಮೇ ತಿಂಗಳಲ್ಲಿ ಆ ಸುತ್ತಿನಲ್ಲಿ ಬೇರೆ ಹುಲ್ಲಿಲ್ಲ.

ಮಾರನೆಯ ಬೆಳಿಗ್ಗೆ ಹಾಲು ತರಲು ಟೀ ಅಂಗಡಿಗೆ ಹೋಗಿದ್ದೆ. ಸೆಲ್ಲಪ್ಪನ್ ಬೆಂಚಿನ ತುದಿಯಲ್ಲಿ ಕೂತಿದ್ದರು.

"ಏನಣ್ಣೋ, ನಿನ್ನ ಕುರಿ ಈಗ ಹುಲ್ಲು ಬಿಟ್ಟು ಆಮ್ಲೆಟ್ ತಿಂತಾವಂತೆ?" ಎಂದ ಟೀ ಮಾಡುವವನು, ತಮಿಳಿನಲ್ಲಿ.

"ಈರುಳ್ಳಿ ಹಾಕಿಯೋ, ಹಾಕದೆಯೋ?" ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಸೆಲ್ಲಪ್ಪನ್ ಅರ್ಧ ಟೀ ಹಾಗೇ ಇಟ್ಟು ಎದ್ದರು. ನನ್ನನ್ನು ಕಂಡು, "ಹಾಲಿನ ಪಾತ್ರೆ ಭಾರ ಇದ್ಯಲ್ಲಕ್ಕಾ, ಕೊಡಿ" ಎಂದು ಮಿಲ್ಲಿನ ಗೇಟಿನವರೆಗೂ ಹೊತ್ತು ತಂದುಕೊಟ್ಟರು.

ಮಂಗಳವಾರ ಕೃತ್ತಿಕಾ ಎದುರು ಏನಾದರೂ ಅಲುಗಿದರೆ ತಾನೇ ಚಿತ್ರ ತೆಗೆಯುವ, ಶಿಬಿರದ ಒಂದೇ ಒಂದು ಕ್ಯಾಮೆರಾ ಟ್ರ್ಯಾಪನ್ನು ಬೇಡಿ ಪಡೆದು, ಪಟ್ಟಿ ಕಟ್ಟಿದ್ದ ಗೂಡುಗಳಲ್ಲಿ ಉಳಿದಿದ್ದ ಎರಡರಲ್ಲಿ ಒಂದರ ಮುಂದೆ ಇಟ್ಟಳು. ಕುರಿ ಇಲ್ಲದಾಗ ಮೊಟ್ಟೆ ಉಳಿಯುತ್ತದೆ ಎಂದು ಚಿತ್ರದಲ್ಲಿ ತೋರಿಸುವುದು ಅವಳ ಯೋಚನೆ. ಬುಧವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಕೋಣೆಗೆ ಬಂದು ಬಾಗಿಲು ಹಾಕಿದಳು.

"ಅಜ್ಜಿ, ಇದ ನೋಡಿ."

ಒಂದು ಕಾಗೆ. ಮೊದಲ ಚಿತ್ರದಲ್ಲಿ ಅದು ಮುಳ್ಳುಗಿಡದ ಮೇಲೆ ಕೂತು ನಮ್ಮ ಕೆಂಪು ಪಟ್ಟಿಯನ್ನು ಕೊಕ್ಕಿನಿಂದ ಎಳೆಯುತ್ತಿತ್ತು. ಎರಡನೆಯದರಲ್ಲಿ ನೆಲಕ್ಕಿಳಿದಿತ್ತು. ಮೂರನೆಯದರಲ್ಲಿ ಕೊಕ್ಕಿನಲ್ಲಿ ಮೊಟ್ಟೆ. ಟಿಟ್ಟಿಭ ಪಕ್ಕದಲ್ಲೇ ರೆಕ್ಕೆ ಬಿಚ್ಚಿ ನಿಂತಿತ್ತು.

"ಇನ್ನೊಂದೂ ಖಾಲಿ" ಎಂದಳು. "ಬಟ್ಟೆ ಸಾಲದೆ ಬಿಟ್ಟಿದ್ವಲ್ಲ, ಆ ಎರಡಕ್ಕೂ ಹೋಗಿ ನೋಡಿದೆ. ಎಲ್ಲಾ ಮೊಟ್ಟೆ ಹಂಗೇ ಇದಾವೆ. ಪಟ್ಟಿ ಇದ್ದ ಕಡೆಯೆಲ್ಲ ಕಾಗೆ ಹೋಗಿದೆ ಅಜ್ಜಿ. ನಾವೇ ದಾರಿ ತೋರ್ಸಿದೀವಿ."

ಮಡಿಸುವವರ ಕಣ್ಣು ಸೀದಾ ಅಲ್ಲಿಗೇ ಬೀಳುತ್ತದೆ ಎಂದಿದ್ದೆ. ಬಯಲಿನಲ್ಲಿ ಬೇರೆ ಕಣ್ಣುಗಳೂ ಇರುತ್ತವೆ ಎಂದು ಪ್ರಾಣಿಶಾಸ್ತ್ರ ಓದಿದ ನನಗೆ ಹೊಳೆಯಲೇ ಇಲ್ಲ.

"ಈಗಲೇ ಹೋಗಿ ಸರ್‌ಗೆ ಹೇಳ್ಬಿಡ್ಲಾ?" ಎಂದಳು. "ಸೆಲ್ಲಪ್ಪಣ್ಣನ್ನ ಹೊರಗೆ ಹಾಕಿಸಿದ್ದಾರೆ. ಆದ್ರೆ ಹೇಳಿದ್ರೆ ನನ್ನ ಸ್ಟಡಿ ಪೂರಾ ಹೋಯ್ತು. ಆಮೇಲೆ ಯಾರು ತಗೊಳ್ತಾರೆ ನನ್ನ?"

ನಾನು ಅವಳ ಕೈ ಹಿಡಿದುಕೊಂಡೆ. ಈ ಮಗುವಿಗೆ ಎಷ್ಟು ಭಯ ಎಂದು ಮಾತ್ರ ನನಗೆ ಕಂಡಿತು. ಶುಕ್ರವಾರ ಬೆಳಿಗ್ಗೆ ಎಲ್ಲರೂ ತಮ್ಮ ಅಧ್ಯಯನವನ್ನು ಒಪ್ಪಿಸುವ ದಿನ.

"ಇರು ಕಂದಾ. ಇವತ್ತು ಹೇಳಿದ್ರೆ ಅವನಿಗೆ ಕೋಪ ಬರ್ತದೆ. ಎರಡು ದಿನ ಕೂತು ಚೆನ್ನಾಗಿ ಬರೆದುಕೋ. ಶುಕ್ರವಾರ ನೀನೇ ಎದ್ದು ನಿಂತು ಚಿತ್ರದ ಸಮೇತ ಹೇಳು. ಆಗ ತಪ್ಪು ಅನ್ನಿಸಲ್ಲ, ಕಂಡುಹಿಡಿದದ್ದು ಅನ್ನಿಸ್ತದೆ."

"ಸೆಲ್ಲಪ್ಪಣ್ಣ?"

"ಮೂರು ದಿನ ಕಳೆದಿದೆಯಲ್ಲ. ಇನ್ನೆರಡು ದಿನ ಹೇಗೋ ಆಗ್ತದೆ."

ಹಾಗೆಂದವಳು ನಾನು. ಅವಳಲ್ಲ.

ಶುಕ್ರವಾರ ಅವಳು ಚೆನ್ನಾಗಿಯೇ ಹೇಳಿದಳು. ಬಟ್ಟೆ ಕಟ್ಟುವ ಯೋಚನೆ ನನ್ನದು ಎಂಬುದನ್ನು ಬಿಟ್ಟೇಬಿಟ್ಟಳು. ನಾನು ಎದ್ದು ಅದನ್ನು ಸೇರಿಸಿದೆ. ಕಾಗೆಯ ಚಿತ್ರ ಬಂದಾಗ ಯಾರೂ ನಗಲಿಲ್ಲ. ಹರಿಹರನ್ ಅವಳನ್ನು ಬೈಯಲಿಲ್ಲ. "ಕ್ಯಾಮೆರಾ ಮೊದಲ ದಿನವೇ ಇಡಿಸಬೇಕಿತ್ತು. ಗೊರಸು ನೋಡಿ ತೀರ್ಮಾನ ಮಾಡಿದವನು ನಾನು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕೆಲಸದ ಮಾತನ್ನು ಅವನು ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಅಲ್ಲೇ ನಿಂತು ಅವನು ರಾಮಸಾಮಿಯವರಿಗೆ ಫೋನ್ ಮಾಡಿದ. ಸ್ಪೀಕರಿನಲ್ಲಿ ಅವರ ದನಿ ನನಗೂ ಕೇಳಿಸಿತು.

"ತಪ್ಪಾದ್ರೆ ಆಯ್ತು ಬಿಡುಂಗ ಸಾರ್, ನಾಳೆಯೇ ಬೀಗ ತೆಗೆಸ್ತೀನಿ. ಆದ್ರೆ ಯಾರಿಗೆ ತೆಗೆಸೋದು? ಮೇವಿಲ್ಲ ಅಂತ ಅವನು ಮುಂಜಾನೆಯೇ ಕುರಿಯೆಲ್ಲ ವ್ಯಾನಿಗೆ ಹತ್ತಿಸ್ಕೊಂಡು ಸಂತೆಗೆ ಹೋದನಲ್ಲ. ಇವತ್ತು ಶುಕ್ರವಾರ ಅಲ್ವುಂಗಳಾ?"

ಶುಕ್ರವಾರ ಕುರಿಸಂತೆ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ನಾನು ವಿಚಾರಿಸಿರಲಿಲ್ಲ.

ನಾನೂ ಕೃತ್ತಿಕಾಳೂ ಸೆಲ್ಲಪ್ಪನ್ ಅವರ ಮನೆಗೆ ನಡೆದು ಹೋದಾಗ ಮಧ್ಯಾಹ್ನ. ಅವರು ಆಗತಾನೆ ಸಂತೆಯಿಂದ ಬಂದು ಬೇವಿನ ಕೆಳಗೆ ಕೂತಿದ್ದರು. ದೊಡ್ಡಿಯಲ್ಲಿ ಒಂದು ಮುದಿ ಕುರಿ ಮಾತ್ರ ಇತ್ತು, ಯಾರೂ ಕೊಳ್ಳದೆ ವಾಪಸು ಬಂದದ್ದು. ನಮ್ಮನ್ನು ಕಂಡು ಎದ್ದು, ತಾವು ಕೂತಿದ್ದ ಮಂಚವನ್ನು ನೆರಳಿಗೆ ಎಳೆದುಕೊಟ್ಟರು. ಕೃತ್ತಿಕಾ ಲ್ಯಾಪ್‌ಟಾಪ್ ತೆರೆದು ಚಿತ್ರಗಳನ್ನು ತೋರಿಸಿದಳು. ಎಲ್ಲವನ್ನೂ ಹೇಳಿದಳು. ಅವರು ಕಾಗೆಯನ್ನು ಹತ್ತಿರದಿಂದ ನೋಡಿದರು.

"ಇದು ಯಾವಾಗ ತೆಗ್ದಿದ್ದು?"

ಕೃತ್ತಿಕಾ ನನ್ನ ಮುಖ ನೋಡಿದಳು.

"ಬುಧವಾರ" ಎಂದೆ. "ಶುಕ್ರವಾರ ಹೇಳಲಿ ಅಂತ ತಡೆದವಳು ನಾನು ಸೆಲ್ಲಪ್ಪಾ. ಇವಳು ಆಗಲೇ ಹೇಳ್ತೀನಿ ಅಂದಿದ್ದಳು."

"ಬುಧವಾರ" ಎಂದರು ಅವರು. ದೊಡ್ಡಿಯ ಕಡೆ ತಿರುಗಿದರು. "ನಮ್ಮವ್ವ ಮದ್ವೆ ಆಗಿ ಬರ್ವಾಗ ಹೊಡ್ಕೊಂಡು ಬಂದ ಕುರಿ ಸಂತಾನ ಅಕ್ಕಾ ಅವೆಲ್ಲ. ಅದೇ ತಳಿ. ಈಗ ಯಾವ ಊರಲ್ಲಿ ಕುಯ್ತಾರೋ."

ಹರಿಹರನ್ ಏನಾದರೂ ಪರಿಹಾರ ಮಾಡುತ್ತಾನೆ ಎಂದು ತೊದಲಿದೆ. ಅವರು ಕೈ ಅಡ್ಡ ಮಾಡಿದರು.

"ಅದೆಲ್ಲ ಬೇಡಕ್ಕಾ. ಹೋದ ಕುರಿ ಹೋಯ್ತು. ನಾಲ್ಕು ದಿನದಿಂದ ನಾನು ಆ ಟೀ ಅಂಗಡಿ ಕಡೆ ಹೋಗಿಲ್ಲ. ಚಿಕ್ಕ ಮಕ್ಕಳೂ ನನ್ನ ನೋಡಿ ಆಮ್ಲೆಟ್ ಅಂತಾವೆ. ನೀವು ಓದಿದೋರು, ಟೀಚರು. ಅಲ್ಲಿ ಬಂದು ಹೇಳಿ. ನಾನು ಹೇಳಿದ್ರೆ ನಗ್ತಾರೆ."

ಮೂವರೂ ಹೊರಟೆವು. ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಕೃತ್ತಿಕಾ ನನ್ನ ತೋಳು ಹಿಡಿಯಲು ಬಂದಳು, ಬೇಡ ಎಂದೆ. ಅಂಗಡಿಯಲ್ಲಿ ಏಳೆಂಟು ಮಂದಿ ಇದ್ದರು. ಸೆಲ್ಲಪ್ಪನ್ ಅವರನ್ನು ಕಂಡು ಯಾರೋ ಬಾಯಿ ತೆರೆದವನು, ಹಿಂದೆ ನನ್ನನ್ನು ಕಂಡು ಸುಮ್ಮನಾದ. ಟೀ ಮಾಡುವವನು ಬೆಂಚನ್ನು ಒರೆಸಿ "ಕೂರಿ ಅಮ್ಮ" ಎಂದ. ನಾನು ಕೂರಲಿಲ್ಲ.

ಮೂವತ್ತು ವರ್ಷ ಮಕ್ಕಳೆದುರು ನಿಂತು ಪಾಠ ಮಾಡಿದವಳು. ಅಷ್ಟು ಕಷ್ಟದ ಮಾತನ್ನು ಎಂದೂ ಆಡಿರಲಿಲ್ಲ. ಇವರ ಕುರಿ ಒಂದು ಮೊಟ್ಟೆಯನ್ನೂ ತುಳಿದಿಲ್ಲ, ತಿಂದದ್ದು ಕಾಗೆ, ಕಾಗೆಗೆ ಗುರುತು ಕಟ್ಟಿಕೊಟ್ಟವಳು ನಾನು ಎಂದು ತಮಿಳಿನಲ್ಲಿ ಹೇಳಿದೆ. ಟೀ ಮಾಡುವವನು ಒಲೆಯ ಉರಿ ಸಣ್ಣ ಮಾಡಿ ಕೇಳಿಸಿಕೊಂಡ. ಮುಗಿಯಿತು ಎಂದುಕೊಂಡು ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ಬುಧವಾರದ್ದನ್ನೂ ಹೇಳಿ ಅಕ್ಕಾ" ಎಂದರು ಸೆಲ್ಲಪ್ಪನ್, ನಮ್ಮ ಮಾತಿನಲ್ಲಿ, ಮೆಲ್ಲಗೆ.

ಅದನ್ನೂ ಹೇಳಿದೆ.