ಖಾಲಿ ಗಾಡಿ ತಿರುಗಿ ನಿಂತಾಗ

ಬ್ರೇಕ್ ಒತ್ತಿದರೆ ಗಾಡಿ ನಿಲ್ಲಬೇಕು ತಾನೇ? ಬಡಗಿಯ ಗಾಡಿಯೂ ನಿಲ್ಲುತ್ತಿತ್ತು. ಆದರೆ ನಿಲ್ಲಲೋ ಬೇಡವೋ ಎಂದು ಯೋಚಿಸಿ ನಿಲ್ಲುತ್ತಿತ್ತು! ಹಳೆಯ, ಉದ್ದನೆಯ ಕಾರು ಅದು. ಹಿಂದಿನ ಸೀಟು ಮಡಚಿ, ಬೀರು ಮೇಜು ಹೇರಿಕೊಂಡು ಇಳಿಜಾರಿಗೆ ಬಂದರೆ ಜೀವ ಬಾಯಿಗೆ ಬರುತ್ತಿತ್ತು.

ಬಡಗಿ ಜಾಣ. ಆ ಜಾಣತನವೇ ಮುಳುವಾಯಿತು. ಗುಜರಿ ಅಂಗಡಿಯಿಂದ ಯಾವುದೋ ದೊಡ್ಡ ಕಾರಿನ ಡಿಸ್ಕ್ ಬ್ರೇಕ್ ತಂದು ಹಿಂದಿನ ಎರಡು ಚಕ್ರಕ್ಕೆ ಕೂರಿಸಿಬಿಟ್ಟ. ಮುಂದಿನ ಚಕ್ರಕ್ಕೆ ಸವೆದು ಹಾಳೆಯಾಗಿದ್ದ ಹಳೇ ಬ್ರೇಕ್ ಪ್ಯಾಡೇ ಗತಿ.

ಭಾನುವಾರ ಮನೆಗೆ ಬಂದ ನಾದಿನಿ ಬಗ್ಗಿ ನೋಡಿದಳು. ಅವಳು ವಾಹನ ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದವಳು.

"ಏನ್ ಭಾವ ಇದು? ಹಿಂದೆ ಆನೆ, ಮುಂದೆ ಇಲಿ!"

"ಹಲಗೆ ಕೊಯ್ಯೋವಾಗ ಹಿಂದಿನ ತುದಿ ಗಟ್ಟಿಯಾಗಿ ಹಿಡೀತೀವಮ್ಮ. ಹಿಂದೆ ಬಿಗಿ ಇದ್ರೆ ಮುಂದಿಂದು ಎಲ್ಲಿಗೆ ಹೋಗುತ್ತೆ?"

"ಹಲಗೆ ಓಡಲ್ಲ ಭಾವ, ಕಾರು ಓಡುತ್ತೆ. ನಾಳೆ ನಮ್ಮ ಕೇಂದ್ರಕ್ಕೆ ತನ್ನಿ, ಪರೀಕ್ಷೆ ಮಾಡೋಣ."

"ಹೋಗಮ್ಮ, ನೀನು ಹುಟ್ಟೋಕೆ ಮುಂಚೆ ಉಳಿ ಹಿಡಿದೋನು ನಾನು."

ಮರುದಿನ ಬೀರು ಹೇರಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಒತ್ತಿದ. ಗಾಡಿ ಗಕ್ಕನೆ ನಿಂತಿತು! ಬಡಗಿ ಮೀಸೆ ತಿರುವಿದ. ಕೇಂದ್ರದ ಕಡೆ ತಲೆ ಹಾಕಲಿಲ್ಲ.

ಮೂರನೇ ದಿನ ಬೀರು ಇಳಿಸಿ, ಖಾಲಿ ಗಾಡಿಯಲ್ಲಿ ಮಗಳನ್ನು ಕರೆತರಲು ಶಾಲೆಗೆ ಹೊರಟ. ಆಗಷ್ಟೇ ಮಳೆ ನಿಂತು ರಸ್ತೆ ಒದ್ದೆಯಾಗಿತ್ತು. ಶಾಲೆಯ ಗೇಟು ಇನ್ನೇನು ಬಂತು ಅನ್ನುವಾಗ ಸೈಕಲ್ಲಿನವನೊಬ್ಬ ಅಡ್ಡ ಬಂದ. ಬಡಗಿ ಬ್ರೇಕ್ ಒತ್ತಿದ.

ಅಯ್ಯೋ! ಸ್ಟೇರಿಂಗನ್ನು ಅವನು ನೇರವಾಗಿಯೇ ಹಿಡಿದಿದ್ದ. ಆದರೂ ಗಾಡಿಯ ಹಿಂಭಾಗ ಸರ್ರನೆ ಪಕ್ಕಕ್ಕೆ ಜಾರಿತು. ಎದುರಿಗಿದ್ದ ಗೇಟು ಮಾಯವಾಗಿ, ಬಂದ ದಾರಿಯೇ ಎದುರಿಗೆ ಬಂತು. ಧಡ್ ಎಂದು ಹಿಂದಿನ ಚಕ್ರ ಫುಟ್‌ಪಾತ್ ಹತ್ತಿ ಗೋಡೆಗೆ ಬಡಿಯಿತು.

ಮಗಳು ದಿನಾ ಅಪ್ಪನಿಗಾಗಿ ನಿಲ್ಲುತ್ತಿದ್ದುದು ಅದೇ ಗೋಡೆಯ ಪಕ್ಕ.

ಬಡಗಿ ಇಳಿದ. ಹಿಂದಿನ ಚಕ್ರದ ಕೆಳಗೆ ನೀಲಿ ಬ್ಯಾಗು ಅಪ್ಪಚ್ಚಿಯಾಗಿ ಬಿದ್ದಿತ್ತು. ಅದರ ಪಟ್ಟಿಗೆ ಹೊಲಿಗೆ ಹಾಕಿದ್ದವನು ಅವನೇ. ಮಗಳ ಹೆಸರು ಕೂಗುತ್ತಾ ಮಂಡಿಯೂರಿ ಗಾಡಿಯ ಅಡಿಯಲ್ಲಿ ಕೈಯಾಡಿಸಿದ. ಪುಸ್ತಕ ಸಿಕ್ಕಿತು, ಪೆನ್ಸಿಲ್ ಸಿಕ್ಕಿತು. ಇನ್ನೂ ಒಳಕ್ಕೆ ಕೈ ಚಾಚಿದ.

"ಅಪ್ಪಾ! ನನ್ನ ಬ್ಯಾಗ್ ಮೇಲೆ ಯಾಕೆ ಗಾಡಿ ಹತ್ತಿಸಿದೆ?"

ಮಗಳು ಗೇಟಿನಲ್ಲಿ ನಿಂತಿದ್ದಳು. ಬ್ಯಾಗು ಗೋಡೆಗೆ ಒರಗಿಸಿಟ್ಟು ನೀರು ಕುಡಿಯಲು ಒಳಗೆ ಹೋಗಿದ್ದಳಂತೆ. ಬಡಗಿ ಅವಳನ್ನು ತಬ್ಬಿಕೊಂಡು, ನೋಡುವವರ ನಾಚಿಕೆಯೂ ಇಲ್ಲದೆ ಗಳಗಳನೆ ಅತ್ತುಬಿಟ್ಟ.

ಮಾರನೇ ದಿನ ಗಾಡಿಯನ್ನು ಕಟ್ಟಿ ಎಳೆಸಿಕೊಂಡೇ ಕೇಂದ್ರಕ್ಕೆ ಹೋದ. ನಾದಿನಿ ಹಂಗಿಸಲಿಲ್ಲ. ಹಿಂದಿನ ಚಕ್ರದ ಬಳಿ ಕೂತು ನೋಡಿ ಕೇಳಿದಳು.

"ಭಾವ, ಬ್ರೇಕ್ ಹಾಕಿದಾಗ ನಿಮ್ಮ ಮೈ ಯಾವ ಕಡೆ ವಾಲುತ್ತೆ?"

"ಮುಂದಕ್ಕೆ."

"ಗಾಡಿ ಭಾರಾನೂ ಅಷ್ಟೇ. ಮುಂದಿನ ಚಕ್ರ ನೆಲಾನ ಒತ್ತುತ್ತೆ, ಹಿಂದಿಂದು ಹಗುರಾಗುತ್ತೆ. ಹಗುರಾಗಿರೋದನ್ನ ಜೋರಾಗಿ ಹಿಡಿದ್ರೆ ಉರುಳೋದು ನಿಲ್ಲುತ್ತೆ, ಜಾರೋದು ಶುರುವಾಗುತ್ತೆ. ಹಿಂದಿನ ಚಕ್ರ ಮೊದಲು ಜಾರಿತೋ, ಗಾಡಿ ಗಿರಕಿ ಹೊಡೀತು ಅಂತಾನೇ."

"ಬೀರು ಇದ್ದಾಗ ಚೆನ್ನಾಗಿ ನಿಂತಿತ್ತಲ್ಲಮ್ಮ?"

"ಬೀರು ಆ ಚಕ್ರಾನ ನೆಲಕ್ಕೆ ಒತ್ತಿ ಹಿಡಿದಿತ್ತು. ಇಳಿಸಿದ ಮೇಲೆ ಯಾರು ಒತ್ತಬೇಕು?"

ಬಡಗಿ ತಲೆ ಚಚ್ಚಿಕೊಂಡ. "ಹಾಗಾದ್ರೆ ದೊಡ್ಡದನ್ನ ಮುಂದಕ್ಕೆ ಹಾಕಿಬಿಡ್ತೀನಿ."

"ಅಯ್ಯೋ ಭಾವ, ಮತ್ತೆ ಅದೇ! ಮುಂದಿಂದು ಅತಿಯಾಗಿ ಬಿಗಿದ್ರೆ ಸ್ಟೇರಿಂಗ್ ತಿರುಗಿಸಿದ್ರೂ ಗಾಡಿ ತಿರುಗಲ್ಲ. ಹಿಂದಿಂದು ಸುಮ್ಮನಿದ್ರೆ ನಿಲ್ಲೋಕೂ ದೂರ ಬೇಕು. ಮುಂದೆ ಹೆಚ್ಚು, ಹಿಂದೆ ಕಮ್ಮಿ, ಅದಕ್ಕೊಂದು ಲೆಕ್ಕ ಇದೆ. ನಿಮ್ಮ ಗಾಡಿ ಮಾಡಿದೋರಿಗೆ ಅದು ಗೊತ್ತು, ಗುಜರಿಯೋನಿಗೆ ಗೊತ್ತಿಲ್ಲ."

ಹಿಂದಕ್ಕೆ ಆ ಗಾಡಿಗೆಂದೇ ಮಾಡಿದ ಬ್ರೇಕ್ ಬಂತು. ಮುಂದಕ್ಕೆ ಹೊಸ ಪ್ಯಾಡ್, ಹೊಸ ಬ್ರೇಕ್ ಎಣ್ಣೆ, ನಾಲ್ಕೂ ಕಡೆ ಒಳ್ಳೆಯ ಟೈರು. ಕೇಂದ್ರದ ಪರೀಕ್ಷಾ ಯಂತ್ರದ ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ, ಪ್ರತಿ ಚಕ್ರದ ಹಿಡಿತ ಅಳೆದರು. ಆಮೇಲೆ ಬಯಲಿನಲ್ಲಿ, ಭಾರ ಹೇರಿ ಒಮ್ಮೆ, ಖಾಲಿಯಾಗಿ ಒಮ್ಮೆ ಓಡಿಸಿ ನೋಡಿದರು. ಗಾಡಿ ನೇರವಾಗಿ ನಿಂತಿತು. ಆದರೂ ಬಡಗಿ ಇನ್ನೊಂದು ವಾರ ಮಗಳನ್ನು ನಡೆಸಿಕೊಂಡೇ ಶಾಲೆಗೆ ಹೋದ. ಅಷ್ಟು ಬೆದರಿದ್ದ.

ಅಣ್ಣಂದಿರೇ, ಅಕ್ಕಂದಿರೇ, ಗಾಡಿಯ ಬ್ರೇಕ್ ಬದಲಿಸುವವರಿದ್ದರೆ ಒಂದು ಕಡೆ ಮಾತ್ರ ಬಲಪಡಿಸಿ ಬೀಗಬೇಡಿ. ಬಲ್ಲ ಮೆಕ್ಯಾನಿಕ್ಕನ್ನು ಕೇಳಿ. ಮುಂದಿನ ಹಿಂದಿನ ಹಿಡಿತ ಅಳೆಸದೆ ರಸ್ತೆಗೆ ಇಳಿಸಬೇಡಿ. ಈ ಬಡಗಿಗೆ ಹೋದದ್ದು ಒಂದು ಬ್ಯಾಗು. ಎಲ್ಲರಿಗೂ ಅದು ಬ್ಯಾಗಿನಲ್ಲೇ ಮುಗಿಯುವುದಿಲ್ಲ.