ಹೊರೆ ಹೊರಿಸುವ ಕೈ

ಇದರಲ್ಲಿ ಒಂದು ಮಾತು ಸುಳ್ಳಾದರೂ ನಾಳೆಯಿಂದ ನನ್ನ ಚಹಾಕ್ಕೆ ಸಕ್ಕರೆ ಬೀಳದಿರಲಿ. ಎತ್ತ ನೋಡಿದರೂ ಕಬ್ಬೇ ಕಾಣುವ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ಕರೋಶಿಯ ದ್ರೌಪದಿ ಹಗಲೆಲ್ಲ ಕಂಡವರ ಹೊಲದಲ್ಲಿ ಕೂಲಿ ಮಾಡಿ, ಸಂಜೆ ಎಮ್ಮೆಗೆಂದು ಹಸಿಮೇವು ಕೊಯ್ದು, ಹೊರೆ ಕಟ್ಟಿ, ರಸ್ತೆಯ ತಿರುವಿನಲ್ಲಿ ನಿಲ್ಲುತ್ತಿದ್ದಳು. ಹೊರೆ ಕಟ್ಟುವುದು ಒಬ್ಬರ ಕೆಲಸ, ಹೊತ್ತು ನಡೆಯುವುದೂ ಒಬ್ಬರ ಕೆಲಸ. ಆದರೆ ನೆಲದಿಂದ ತಲೆಗೆ ಏರಿಸುವ ಆ ಒಂದು ಗಳಿಗೆಗೆ ಇನ್ನೊಬ್ಬರ ಕೈ ಬೇಕು. ಅದು ಸಿಗದಿದ್ದರೆ ಎಮ್ಮೆಗೆ ಉಪವಾಸ. ಹೊರೆಯ ಮುಂದೆ ನಿಂತವರನ್ನು ದಾಟಿ ಹೋಗಬಾರದು ಎಂಬುದು ಹಳೆಯ ರೀತಿ. ಬಾಯಿಬಿಟ್ಟು ಕೇಳಬೇಕಾಗಿಲ್ಲ, ಒಲ್ಲೆ ಎನ್ನುವ ಹಾಗೂ ಇಲ್ಲ. ಈಗ ಎಲ್ಲರೂ ಮೋಟಾರ್‌ಸೈಕಲ್ ಮೇಲೆ ಹೋಗುವುದರಿಂದ ಈ ರೀತಿ ಪಾಲಿಸುವುದು ಕಾಲು ನೆಲಕ್ಕೆ ತಾಗುವವರಿಗೆ ಮಾತ್ರ ಉಳಿದಿದೆ. ಆ ರಸ್ತೆಯಲ್ಲಿ ಹಾಗೆ ಉಳಿದವಳು ಕುರಿ ಕಾಯುವ ತಾರವ್ವ ಒಬ್ಬಳೇ.

ತೊಂದರೆ ಏನೆಂದರೆ, ಇಬ್ಬರಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ದ್ರೌಪದಿ ತನ್ನ ಮಗಳು ಸಪನಾಳ ನಿಶ್ಚಯದ ಸೀರೆಯನ್ನು ಬೇಲಿಯ ಮೇಲೆ ಬಿಸಿಲಿಗೆ ಹಾಕಿದ್ದಾಗ ತಾರವ್ವನ ಆಡು ಬಂದು ಜರಿ ಅಂಚನ್ನಷ್ಟೇ ಆರಿಸಿ ತಿಂದಿತ್ತು. ನಾಲ್ಕು ದಿನ ಅದರ ಹಿಕ್ಕೆ ಬಿಸಿಲಿಗೆ ಥಳಥಳ ಹೊಳೆಯಿತು. ನಿಪ್ಪಾಣಿಯಿಂದ ಅಕ್ಕಸಾಲಿಗನೊಬ್ಬ ಒರೆಗಲ್ಲು ತಂದು ನೋಡಿ ಹೋದ.

"ಕಳ್ಳ ಆಡು ಸಾಕೀದಿ" ಎಂದಳು ದ್ರೌಪದಿ.

"ಆಡಿಗಾದ್ರೂ ರುಚಿ ತಿಳೀತೈತಿ, ನಿನಗ ಅದೂ ತಿಳಿಯಂಗಿಲ್ಲ" ಎಂದಳು ತಾರವ್ವ.

"ನಿನ್ನ ಹೊಟ್ಟಿ ಸುಡ್ಲಿ" ಎಂದಳು ದ್ರೌಪದಿ. ಅಲ್ಲಿಗೆ ಮಾತು ನಿಂತಿತು.

ಮಾತು ನಿಂತರೂ ತಾರವ್ವ ದಿನಾ ತಿರುವಿಗೆ ಬಂದು ನಿಲ್ಲುತ್ತಿದ್ದಳು. ಇಬ್ಬರೂ ಹೊರೆಯನ್ನೇ ನೋಡುತ್ತ ಎರಡು ಬದಿ ಹಿಡಿದು ಎತ್ತುವರು. ದ್ರೌಪದಿ ಬಗ್ಗಿ ಅದರಡಿ ತಲೆ ಕೊಡುವಳು. ಮೇವು ಕಣ್ಣ ಮೇಲೆ ಇಳಿಬಿದ್ದ ಮೇಲೆ ಕಾಣುವುದು ಎದುರಿನವಳ ಪಾದ ಮಾತ್ರ. ಮುನಿಸಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ.

ಈ ಚಳಿಗಾಲದಲ್ಲಿ ಹತ್ತು ದಿನ ತಾರವ್ವ ಬರಲಿಲ್ಲ. ದ್ರೌಪದಿ ಅರ್ಧ ಹೊರೆಯನ್ನು ಮೊಣಕಾಲ ಮೇಲಿಟ್ಟು ತಾನೇ ಏರಿಸಿಕೊಂಡು ಹೋದಳು. ಎಮ್ಮೆ ಹಾಲು ಕಡಿಮೆ ಮಾಡಿತು. ಬೇಕಂತಲೇ ಬಂದಿಲ್ಲ ಎಂದು ದ್ರೌಪದಿ ಹಲ್ಲು ಕಡಿದಳು. ತಾರವ್ವ ಮರಳಿ ಬಂದ ದಿನದಿಂದ ದ್ರೌಪದಿ ಹೊರೆಯನ್ನು ದೊಡ್ಡದು ಮಾಡುತ್ತ ಹೋದಳು. ಎತ್ತಲಿ ನೋಡೋಣ ಎಂಬ ಹಟ. ಮೂರನೆಯ ದಿನ ಗುಬ್ಬಿಗಳು ಬಂದು ಗೂಡಿಗೆ ಜಾಗ ನೋಡಿಕೊಂಡು ಹೋದವು. ಐದನೆಯ ದಿನ ಚಿಕ್ಕೋಡಿ ಬಸ್ಸಿನ ಡ್ರೈವರ್ ಅದನ್ನು ಕಬ್ಬಿನ ಟ್ರ್ಯಾಕ್ಟರ್ ಎಂದು ತಿಳಿದು ಒಂದು ಮೈಲು ಹಾರ್ನ್ ಬಾರಿಸುತ್ತ ಹಿಂದೆ ಬಂದ. ತಾರವ್ವ ಅದನ್ನೂ ಎತ್ತಿದಳು. ಎತ್ತಿದ ಮೇಲೆ ಆ ಪಾದಗಳು ಒಂದು ಹೆಜ್ಜೆ ಹಿಂದಕ್ಕೆ ತೂರಾಡುತ್ತಿದ್ದವು. ಸೋಲುತ್ತಿದ್ದಾಳೆ ಎಂದು ದ್ರೌಪದಿಗೆ ಒಳಗೊಳಗೇ ಖುಷಿ. ತಾರವ್ವನ ಹಿಂದೆ ಕುರಿಗಳ ಸದ್ದಿಲ್ಲ ಎಂಬುದೂ ಕಿವಿಗೆ ಬಿದ್ದಿತ್ತು. ಮಾರಿರಬೇಕು ಎಂದುಕೊಂಡಳು.

ಹನ್ನೆರಡನೆಯ ದಿನ ಬೆಳಿಗ್ಗೆ ನಳದ ಹತ್ತಿರ ತಾರವ್ವನ ಸೊಸೆ ಸೋನಾಲಿ ಸಿಕ್ಕಳು.

"ಮಾವಶಿ, ನಮ್ಮ ಅತ್ತಿನ್ನ ಸಂಜೀಮುಂದ ಎಲ್ಲೆರ ನೋಡೀರೇನ್ರಿ?"

"ಯಾಕ?"

"ಮಿರಜದಾಗ ಆಪರೇಷನ್ ಆಗೈತ್ರಿ. ಗರ್ಭಚೀಲ ತಗದಾರ. ಮೂರ ತಿಂಗಳ ತನಕ ತುಂಬಿದ ಕೊಡಾ ಸೈತ ಎತ್ತಬ್ಯಾಡ್ರಿ ಅಂದಾರ ಡಾಕ್ಟರ. ಕುರಿ ನಮ್ಮ ಮನಿಯವ್ರ ಕಾಯಾಕತ್ತಾರ. ಇಕಿ ದಿನಾ ಸಂಜೀಮುಂದ ಕಾಲಾಡಿಸಿ ಬರ್ತೇನಿ ಅಂತ ಹೋಗ್ತಾಳ. ನಿನ್ನಿ ಸೀರಿಗೆಲ್ಲಾ ರಕ್ತ. ಕೇಳಿದ್ರ ಎಡವಿದ್ನಿ ಅಂತಾಳ. ಹಿಂಗ ಆದ್ರ ಉಳಿಯಂಗಿಲ್ರಿ ಅಕಿ."

ದ್ರೌಪದಿಯ ಕೊಡ ತುಂಬಿ ಹೊರಗೆ ಹರಿಯಿತು. ಅವಳು ನಳ ನಿಲ್ಲಿಸಲಿಲ್ಲ. ಆ ಹೊಟ್ಟೆಗೆ ಶಾಪ ಹಾಕಿದ ನಾಲಗೆ ಬಾಯೊಳಗೆ ಒಣಗಿತು.

"ಇಲ್ಲವಾ, ನಾ ನೋಡಿಲ್ಲ" ಎಂದಳು. ಅದು ಪೂರ್ತಿ ಸುಳ್ಳೂ ಅಲ್ಲ. ಎರಡು ಪಾದ ಬಿಟ್ಟು ಅವಳು ಏನನ್ನೂ ನೋಡಿರಲಿಲ್ಲ.

ಅವತ್ತು ಸಂಜೆ ಮೇವು ಕೊಯ್ಯದೆ ಬರಿಗೈಯಲ್ಲಿ ಹೋಗಿ ತಿರುವಿನಲ್ಲಿ ನಿಂತಳು. ದೂರದಲ್ಲಿ ತಾರವ್ವ ಕಿಬ್ಬೊಟ್ಟೆಗೆ ಕೈ ಒತ್ತಿಕೊಂಡು ಬರುವುದು ಕಂಡಿತು. ಹತ್ತಿರ ಬರುವಷ್ಟರಲ್ಲಿ ಕೈ ಕೆಳಗಿಳಿಸಿದಳು. ಮುಖ ಸೊರಗಿ ಅರ್ಧವಾಗಿತ್ತು. ಅವಳು ನೆಲ ನೋಡಿದಳು, ಸುತ್ತ ನೋಡಿದಳು.

"ಹೊರಿ ಎಲ್ಲೈತಿ?"

"ಕಟ್ಟಿಲ್ಲ."

"ಎಮ್ಮಿ ಸತ್ತೈತೇನ?"

"ಎಮ್ಮಿ ಆರಾಮ ಐತಿ. ನೀ ಸಾಯಾಕತ್ತೀದಿ."

"ಆ ಸೋನಾಲಿ ಬಾಯಾಗ ಎಳ್ಳ ನೆನೆಯಂಗಿಲ್ಲ."

"ಒಂದ ಮಾತ ಹೇಳಾಕ ಏನಾಗಿತ್ತ ಬೇ ನಿನಗ?"

"ಮಾತ ಇರಲಿಲ್ಲಲ್ಲ ನಮಗ."

"ಮಾತ ಇರಲಿಲ್ಲ, ಹೊರಿ ಎತ್ತೂದ ಇತ್ತ?"

"ಅಂಗಳದಾಗ ಕುಂತ್ರ ನೀ ಇಲ್ಲಿ ನಿಂತದ್ದ ಕಾಣತೈತಿ. ದವಾಖಾನ್ಯಾಗ ಮಲಗಿದ್ರೂ ಕಾಣ್ತಿತ್ತ. ಮತ್ತ ಎಮ್ಮಿ ಏನ ಮಾಡೇತಿ ಪಾಪ. ಅದರ ಕೂಡ ನನಗ ಜಗಳ ಇಲ್ಲ."

ದ್ರೌಪದಿ ಅವಳ ಮೊಣಕೈ ಹಿಡಿದುಕೊಂಡಳು. "ತಾರವ್ವ, ನಾ ಬೇಕಂತ ದೊಡ್ಡ ಹೊರಿ ಕಟ್ಟತಿದ್ನಿ. ನೀ ಸೋಲ್ಲಿ ಅಂತ. ಮತ್ತ ಆವತ್ತ ಸೀರಿ ಸಲುವಾಗಿ ನಾ ನಿನಗ..."

ತಾರವ್ವ ಕೇಳುತ್ತಿರಲಿಲ್ಲ. ಅವಳ ಕಣ್ಣು ರಸ್ತೆಯ ಆಚೆ ಇತ್ತು. ಅಲ್ಲಿ ಮುದುಕಿ ಜನಾಬಾಯಿ ಕಟ್ಟಿಗೆ ಹೊರೆಯ ಮುಂದೆ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದಳು. ಮೂರು ಮೋಟಾರ್‌ಸೈಕಲ್ ಧೂಳೆಬ್ಬಿಸಿ ದಾಟಿ ಹೋದವು. ತಾರವ್ವ ಮೊಣಕೈ ಬಿಡಿಸಿಕೊಂಡು ಆ ಕಡೆ ನಡೆದೇಬಿಟ್ಟಳು.

"ಏ, ನಿಲ್ಲ ಬೇ, ನಾ ಎತ್ತತೇನಿ, ನನ್ನ ಮಾತ ಇನ್ನೂ ಮುಗದಿಲ್ಲ, ಆವತ್ತ ನಾ ನಿನ್ನ ಹೊಟ್ಟಿಗೆ" ಎನ್ನುತ್ತಲೇ ದ್ರೌಪದಿ ಸೀರೆ ಮೇಲೆತ್ತಿ ಸಿಕ್ಕಿಸಿ, ಅವಳಿಗಿಂತ ಮೊದಲು ಹೊರೆ ಮುಟ್ಟಲು ಓಡಿದಳು.