ಹೇಳದ ಆರು

"ಆರು ಅಂತ ಹಾರಿ ಸೋಲಿಸಿದ್ರಲ್ಲ, ಯಾವ ಧೈರ್ಯದ ಮ್ಯಾಲ ಹಾರಿದ್ರಿ?" ಸುಲಭಾ ಇಸ್ಪೀಟು ಎಲೆಗಳನ್ನು ಮೇಜಿನ ಮೇಲೆ ಒಗೆದಳು. "ಇನ್ನೊಮ್ಮೆ ಹಿಂಗ ಮಾಡಿದ್ರ ಬ್ಯಾರೆ ಜೋಡಿ ನೋಡ್ಕೋರಿ. ನಾ ಎದ್ದ ಹೋಗ್ತೇನಿ."

ಗಂಗಾರಾಮ ಬನಹಟ್ಟಿಯಲ್ಲಿ ಹದಿನಾರು ಮಗ್ಗಗಳ ಮಾಲೀಕ. ಯಾರ ಮಾತನ್ನೂ ಕೇಳಿದವನಲ್ಲ. ಆದರೆ ಜಮಖಂಡಿಯ ಈ ಕ್ಲಬ್ಬಿನಲ್ಲಿ ಬ್ರಿಜ್ ಬಲ್ಲವರು ಎಂಟೇ ಜನ. ಅವರಲ್ಲಿ ಆರು ಜನ ಅವನ ಜೋಡಿಯಾಗಲಾರೆವೆಂದು ಎಂದೋ ಕೈಮುಗಿದಿದ್ದರು. ಉಳಿದವಳು ಈ ನಿವೃತ್ತ ಗಣಿತ ಶಿಕ್ಷಕಿ ಒಬ್ಬಳೇ. ಇವಳೂ ಎದ್ದರೆ ಅವನ ರವಿವಾರದ ಆಟ ಮುಗಿದಂತೆ.

"ತಪ್ಪಾತರಿ ಅಕ್ಕೋರ."

"ಗಂಗಾರಾಮ ತಪ್ಪಾತು ಅಂದ! ಯಾರರೆ ಬರಕೋರೆಪ್ಪಾ," ಬಲಗಡೆ ಕೂತಿದ್ದ ವಕೀಲ ಶಾಂತಿನಾಥ ನಕ್ಕ.

"ನೀ ಸುಮ್ಮ ಎಲಿ ಹಂಚಲೇ ವಕೀಲ."

ಅದು ಕೊನೆಯ ಆಟ. ಬ್ರಿಜ್‌ನಲ್ಲಿ ಎಷ್ಟು ಕೈ, ಅಂದರೆ ಎಷ್ಟು ಸುತ್ತು, ಗೆಲ್ಲುತ್ತೇವೆಂದು ಮೊದಲೇ ಹೇಳಬೇಕು. ಮೊದಲ ಆರು ಕೈ ಲೆಕ್ಕಕ್ಕಿಲ್ಲ; ನಾಲ್ಕು ಎಂದರೆ ಹತ್ತು ಕೈ, ಆರು ಎಂದರೆ ಹದಿಮೂರರಲ್ಲಿ ಹನ್ನೆರಡು. ಹೇಳಿ ಸೋತರೆ ದಂಡ. ಹೇಳದೆ ಗೆದ್ದ ಕೈಗೆ ಚಿಲ್ಲರೆ ಅಂಕ. ಜೋಡಿಗಳು ಬೇರೆ ಮಾತಾಡುವಂತಿಲ್ಲ, ಹುಬ್ಬು ಕೂಡ ಹಾರಿಸುವಂತಿಲ್ಲ.

ವಕೀಲ ಎಲೆ ಹಂಚಿ, ತನ್ನವನ್ನು ನೋಡಿ, ಹೇಳುವುದೇನಿಲ್ಲವೆಂದು ಪಾಸ್ ಎಂದ. ಗಂಗಾರಾಮ ಎಲೆ ಬಿಡಿಸಿದ. ಬದಾಮಿನ, ಅಂದರೆ ಕೆಂಪು ಹೃದಯದ, ಎಲೆಗಳೇ ಆರು; ಅದರಲ್ಲಿ ಎಕ್ಕ, ರಾಜ.

"ಒಂದು ಬದಾಮ."

ಎಡಗಡೆ ಕೂತಿದ್ದ, ವಕೀಲನ ಜೋಡಿ ಡಾಕ್ಟರ್ ಗುರುಪಾದ ಪಾಸ್ ಎಂದ.

"ಮೂರು ಬದಾಮ," ಎಂದಳು ಸುಲಭಾ. ವಕೀಲ ಮತ್ತೆ ಪಾಸ್ ಎಂದ.

ಎರಡನ್ನು ಬಿಟ್ಟು ನೇರ ಮೂರಕ್ಕೆ ಬಂದಿದ್ದಳು. ನನ್ನ ಎಲೆ ಗಟ್ಟಿ ಇವೆ, ಮುಂದೆ ಹೋಗು ಎಂದು ಹೇಳಲು ಅವಳಿಗಿದ್ದ ದಾರಿ ಅದೊಂದೇ. ಗಂಗಾರಾಮನ ನಾಲಿಗೆಯ ತುದಿಗೆ ಆರು ಬಂದು ಕೂತಿತು. ಅವಳ ಮುಖ ನೋಡಿದ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಾಲ್ಕು."

"ಏ, ಹುಲಿ ಹುಲ್ಲ ತಿನ್ನಾಕತ್ತೇತಿ," ಎಂದ ವಕೀಲ.

ಎಲ್ಲರೂ ಪಾಸ್ ಎಂದರು. ಆಡುವವನ ಜೋಡಿ ಎಲೆ ಬಿಚ್ಚಿಡುವುದು ನಿಯಮ. ಸುಲಭಾ ಬಿಚ್ಚಿಟ್ಟಳು. ರಾಣಿ ಸಹಿತ ನಾಲ್ಕು ಬದಾಮ, ಮತ್ತೆರಡು ಎಕ್ಕ. ನೋಡುತ್ತಿದ್ದಂತೆ ಗಂಗಾರಾಮನ ಕಿವಿ ಬಿಸಿಯಾಯಿತು. ಒಂದೊಂದೇ ಕೈ ಎಳೆದುಕೊಂಡ. ಹನ್ನೆರಡು ಬಂದವು.

"ಆರು ಅಂದಿದ್ರ ಇವತ್ತಿನ ಆಟ ನಿಮ್ಮದ ಆಗ್ತಿತ್ತು," ಡಾಕ್ಟರ್ ಅಂಕ ಬರೆದು ಹೇಳಿದ.

"ನಾ ಮೂರಕ್ಕ ಹಾರಿದ್ದು ಯಾಕ ಅನ್ಕೊಂಡ್ರಿ?" ಎಂದಳು ಸುಲಭಾ.

ಗಂಗಾರಾಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಎದ್ದ ಹೋಗ್ತೇನಿ ಅಂದವ್ರು ಯಾರ್ರೀ? ನೀವು ಹೋಗಬಾರ್ದು ಅಂತ ನಾಲ್ಕಕ್ಕ ನಿಂತೆ! ಅದಕ್ಕೂ ಬೈತೀರಿ!"

ವಕೀಲ ಬಗ್ಗಿ ಚಪ್ಪಲಿ ಹುಡುಕಿದ. ಡಾಕ್ಟರ್ ಅವನ ಹಿಂದೆಯೇ ಹೊರಟ.

"ಎಲಿ ನೋಡಿ ಹೇಳ್ರಿ," ಎಂದಳು ಸುಲಭಾ, ಮೆಲ್ಲಗೆ. "ನನ್ನ ಮಾರಿ ನೋಡಿ ಹೇಳಬ್ಯಾಡ್ರಿ."

ಬೆರೆತುಹೋಗಿದ್ದ ಎಲೆಗಳಿಂದ ಅವಳು ತನ್ನ ಹದಿಮೂರನ್ನು ನೆನಪಿನ ಮೇಲೆಯೇ ಆರಿಸಿಕೊಂಡಳು. ಆಮೇಲೆ ಅವನ ಹದಿಮೂರನ್ನೂ ಆರಿಸಿ, ಅಂಚು ಸರಿಮಾಡಿ, ಮೇಜಿನ ಆಚೆಗೆ ಸರಿಸಿದಳು. "ಮತ್ತ ಮೊದಲಿಂದ ಹೇಳ್ರಿ."

ಗಂಗಾರಾಮ ಕುರ್ಚಿ ಮುಂದಕ್ಕೆ ಎಳೆದುಕೊಂಡ.